ಲಾಠಿ ಎತ್ತಿದವರೇ ಲೆಕ್ಕ ಬರೆದರೆ?

ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ನ್ಯಾಯಾಲಯ ಆರೋಪಿಯೊಬ್ಬನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರೆ ಆತನ ಮುಂದಿನ ನೆಲೆ ಹಾಸನದ ಜಿಲ್ಲಾ ಕಾರಾಗೃಹವಾಗಬಹುದು. ಜೈಲಿನ ಗೇಟು ಮುಚ್ಚಿದ ಮೇಲೆ ಒಳಗೆ ನಡೆಯುವುದಕ್ಕೆ ಹೊರಗಿನ ಸಾಕ್ಷಿಗಳಿರುವುದಿಲ್ಲ. ಅಲ್ಲಿ ಕೈದಿಯ ಮೇಲೆ ಲಾಠಿ ಬೀಸಿದರೆ, ಅದು ಅಗತ್ಯವಿತ್ತೇ ಎಂದು ತೀರ್ಮಾನಿಸುವವರು ಯಾರು?

ಬ್ರಿಟಿಷ್ ಆಡಳಿತ 1894ರಲ್ಲಿ ತಂದ ಬಂದೀಖಾನೆ ಕಾಯ್ದೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿತ್ತು. ಶಿಸ್ತು ಮುರಿದ ಕೈದಿಗೆ ಕೈಕೋಳ, ಕಾಲಿಗೆ ಬೇಡಿ, ಪ್ರತ್ಯೇಕ ಕೋಣೆ, ಗರಿಷ್ಠ 30 ಛಡಿ ಏಟು. ಬೆತ್ತದ ದಪ್ಪ ಅರ್ಧ ಅಂಗುಲಕ್ಕೆ ಕಡಿಮೆ ಇರಬಾರದು ಎಂದೂ ಕಾಯ್ದೆ ಹೇಳಿತ್ತು. ಏಟು ಬೀಳುವಾಗ ಸೂಪರಿಂಟೆಂಡೆಂಟ್ ಮತ್ತು ವೈದ್ಯರು ಹಾಜರಿರಬೇಕು, ಶಿಕ್ಷೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕವೇನೋ ಅಚ್ಚುಕಟ್ಟು. ಆದರೆ ತಪ್ಪು ನಿರ್ಧರಿಸುವವರೂ ಶಿಕ್ಷೆ ವಿಧಿಸುವವರೂ ಅದರ ದಾಖಲೆಗೆ ಹೊಣೆಯಾದವರೂ ಒಬ್ಬರೇ ಅಧಿಕಾರಿ.

ಆಗ ಹಾಸನ ಮೈಸೂರು ಸಂಸ್ಥಾನದಲ್ಲಿತ್ತು. ಏಕೀಕರಣದ ನಂತರ, 1963ರಲ್ಲಿ, ರಾಜ್ಯ ತನ್ನದೇ ಬಂದೀಖಾನೆ ಕಾಯ್ದೆ ಮಾಡಿಕೊಂಡಿತು. ಒಳಗಿನ ಕಷ್ಟ ನಾಡಿನ ಗಣ್ಯರಿಗೂ ತಿಳಿದದ್ದು ತುರ್ತು ಪರಿಸ್ಥಿತಿಯಲ್ಲಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಆಗ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಅಲ್ಲಿಯೇ ಬಂಧನದಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಹಳೆಯ ಪದ್ಧತಿಗೆ ಪೆಟ್ಟು ಕೊಟ್ಟದ್ದು ಒಂದು ಪತ್ರ. ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ವಾರ್ಡರ್ ಒಬ್ಬ ಸಹಕೈದಿಗೆ ಕೊಟ್ಟ ಹಿಂಸೆಯನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಬರೆದು ತಿಳಿಸಿದ. ಕೋರ್ಟು ಅದನ್ನೇ ಅರ್ಜಿಯೆಂದು ಸ್ವೀಕರಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅವರಿದ್ದ ಪೀಠ 1979ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು: ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಇಲ್ಲದೆ ಜೈಲಿನಲ್ಲಿ ಹೆಚ್ಚುವರಿ ಶಿಕ್ಷೆ ಸಲ್ಲದು; ತುರ್ತಿದ್ದರೆ ಎರಡು ದಿನಗಳೊಳಗೆ ತಿಳಿಸಬೇಕು; ಕೈದಿಗಳಿಗೆ ದೂರು ಪೆಟ್ಟಿಗೆ ಇರಬೇಕು.

ಬಂಧನದಲ್ಲಿ ಸಾವು ಸಂಭವಿಸಿದರೆ 24 ಗಂಟೆಗಳೊಳಗೆ ವರದಿ ಮಾಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲಿ ಸೂಚಿಸಿತು. ಇಂಥ ಸಾವು, ನಾಪತ್ತೆ, ಅತ್ಯಾಚಾರದ ವಿಚಾರಣೆಯನ್ನು ಸ್ಥಳೀಯ ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ನಡೆಸಬೇಕೆಂದು 2005ರ ತಿದ್ದುಪಡಿ ವಿಧಿಸಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮು ಅದನ್ನು ಉಳಿಸಿಕೊಂಡಿದೆ.

ಜೈಲಿನಲ್ಲಿ ಬಲ ಪ್ರಯೋಗವೇ ಕೂಡದೆಂದು ಯಾರೂ ಹೇಳಿಲ್ಲ. ಆತ್ಮರಕ್ಷಣೆ, ಪರಾರಿ ಯತ್ನ, ಆಜ್ಞೆಗೆ ಪ್ರತಿರೋಧ, ಈ ಸಂದರ್ಭಗಳಲ್ಲಿ ಅಗತ್ಯವಿದ್ದಷ್ಟೇ ಬಳಸಿ ಕೂಡಲೇ ವರದಿ ಮಾಡಬೇಕು ಎಂಬುದು 1955ರಿಂದಲೂ ವಿಶ್ವಸಂಸ್ಥೆಯ ನಿಯಮ. ಆದರೆ ಜೀವ ಹೋದರೆ ಕಡ್ಡಾಯವಾಗುವ ಮ್ಯಾಜಿಸ್ಟ್ರೇಟರ ವಿಚಾರಣೆ ಮೂಳೆ ಮುರಿದರೆ ಕಡ್ಡಾಯವಲ್ಲ. ಅಲ್ಲಿ ಕೈದಿಯೋ ಮನೆಯವರೋ ದೂರಬೇಕು. ಅರಕಲಗೂಡಿನಿಂದ ಮಗನನ್ನು ನೋಡಲು ಬಂದ ತಾಯಿಗೆ ಮೈಮೇಲಿನ ಬಾಸುಂಡೆ ಕಂಡರೆ, ಸೆಷನ್ಸ್ ನ್ಯಾಯಾಧೀಶರಿಗೆ ಒಂದು ಕಾಗದ ಬರೆಸಬಹುದು. ತಿಹಾರಿನಿಂದ ಹೊರಟದ್ದೂ ಅಂಥದೇ ಒಂದು ಕಾಗದ.