ಡೆಸ್ಕ್‌ಟಾಪ್ ಮತ್ತು ಲಿನಕ್ಸ್ ಷೆಡ್ಯೂಲರ್: ಊಹೆಯಿಂದ ಹಂಚಿಕೆಯವರೆಗೆ, 2002–2024

ಪ್ರೊಸೆಸರಿನ ಸಮಯವನ್ನು ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಕೊಡಬೇಕೆಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಷೆಡ್ಯೂಲರ್. ಸರ್ವರಿನಲ್ಲಿ ಒಟ್ಟು ಎಷ್ಟು ಕೆಲಸ ಮುಗಿಯಿತು ಎಂಬುದು ಲೆಕ್ಕ. ಡೆಸ್ಕ್‌ಟಾಪಿನಲ್ಲಿ ಕೀಲಿ ಒತ್ತಿದೊಡನೆ ಅಕ್ಷರ ಮೂಡಿತೇ ಎಂಬುದು. ಲಿನಕ್ಸ್ ಷೆಡ್ಯೂಲರಿನ ಚರಿತ್ರೆಯನ್ನು ಅಲ್ಗಾರಿದಮ್‌ಗಳ ಸುಧಾರಣೆಯಾಗಿ ಬರೆಯುವುದು ವಾಡಿಕೆ. ಆದರೆ ಡೆಸ್ಕ್‌ಟಾಪಿನ ಮಟ್ಟಿಗೆ ಅದರ ಮೂಲ ಪ್ರಶ್ನೆ ಬೇರೆ: ತೆರೆಯ ಮುಂದೆ ಕೂತವರಿಗೆ ಸದ್ಯ ಯಾವ ಪ್ರೋಗ್ರಾಂ ಮುಖ್ಯವೆಂದು ಕರ್ನಲ್‌ಗೆ ತಿಳಿಯುವುದು ಹೇಗೆ?

2002ರ ಜನವರಿಯಲ್ಲಿ ಇಂಗೊ ಮೋಲ್ನಾರ್ ಹೊರತಂದ ಓ(1) ಷೆಡ್ಯೂಲರ್ ಊಹೆಯ ದಾರಿ ಹಿಡಿಯಿತು. ಹೆಚ್ಚು ಹೊತ್ತು ಕಾಯುತ್ತ ನಿದ್ರಿಸುವ ಪ್ರೋಗ್ರಾಮನ್ನು ಬಳಕೆದಾರರ ಕೈಯಲ್ಲಿರುವುದೆಂದು ಬಗೆದು ಅದರ ಆದ್ಯತೆಯನ್ನು ಐದು ಮೆಟ್ಟಿಲಿನವರೆಗೆ ಏರಿಸುತ್ತಿತ್ತು, ಸದಾ ದುಡಿಯುವುದನ್ನು ಅಷ್ಟೇ ಇಳಿಸುತ್ತಿತ್ತು. ಊಹೆ ಕೈಕೊಟ್ಟದ್ದು ತೆರೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ಸರ್ವರಿನ ವಿಷಯದಲ್ಲಿ. ವಿಂಡೋ ಎಳೆದಾಡುವಾಗ ಚಿತ್ರ ಬಿಡಿಸುವ ಭಾರವೆಲ್ಲ ಎಕ್ಸ್ ಮೇಲೆ ಬೀಳುತ್ತದೆ. ಹೀಗೆ ಬಳಕೆದಾರರಿಗೆ ಅದು ತೀರಾ ಬೇಕಾದ ಹೊತ್ತಿನಲ್ಲೇ ಷೆಡ್ಯೂಲರಿನ ಕಣ್ಣಿಗೆ ಅದು ಪ್ರೊಸೆಸರ್ ನುಂಗುವ ಪ್ರೋಗ್ರಾಮಾಗಿ ಕಂಡು ದಂಡ ತೆರಬೇಕಾಗುತ್ತಿತ್ತು.

ಊಹೆಯನ್ನೇ ಕೈಬಿಡಬೇಕೆಂದು ವಾದಿಸಿದವರು ವೃತ್ತಿಯಿಂದ ಅರಿವಳಿಕೆ ವೈದ್ಯರಾದ ಆಸ್ಟ್ರೇಲಿಯಾದ ಕಾನ್ ಕೋಲಿವಾಸ್. 2007ರ ಮಾರ್ಚ್‌ನಲ್ಲಿ ಅವರು ನ್ಯಾಯವಾದ ಹಂಚಿಕೆಯನ್ನೇ ನೆಚ್ಚಿದ ಷೆಡ್ಯೂಲರನ್ನು ಮುಂದಿಟ್ಟರು. ಏಪ್ರಿಲ್‌ನಲ್ಲಿ ಮೋಲ್ನಾರ್ ಅದೇ ತತ್ತ್ವದ ತಮ್ಮ ಸಿಎಫ್‌ಎಸ್ ಪ್ರಕಟಿಸಿ, ಕೋಲಿವಾಸರ ಋಣವನ್ನು ಹೆಸರಿಸಿಯೇ ನೆನೆದರು. ಪ್ರತಿ ಪ್ರೋಗ್ರಾಂ ಪಡೆದ ಸಮಯವನ್ನು ನ್ಯಾನೊಸೆಕೆಂಡ್‌ಗಳಲ್ಲಿ ಎಣಿಸಿ, ಎಲ್ಲರಿಗಿಂತ ಕಡಿಮೆ ಪಡೆದದ್ದಕ್ಕೆ ಸರದಿ ಕೊಡುವ ಈ ಷೆಡ್ಯೂಲರ್ ಅಕ್ಟೋಬರ್‌ನಲ್ಲಿ ಕರ್ನಲ್ 2.6.23ರೊಂದಿಗೆ ಬಂತು. ಋಣ ಸ್ಮರಿಸಿದ್ದು ಸರಿ, ಕೋಲಿವಾಸರ ಕೋಡ್ ಮಾತ್ರ ಹೊರಗೇ ಉಳಿಯಿತು. ಜುಲೈಯಲ್ಲೇ ಅವರು ಕರ್ನಲ್ ಕೆಲಸ ಬಿಟ್ಟಿದ್ದರು. 2009ರಲ್ಲಿ ಬಿಎಫ್‌ಎಸ್ ಎಂಬ ಹೊಸ ಷೆಡ್ಯೂಲರ್ ಹಿಡಿದು ಮರಳಿದರು.

ನ್ಯಾಯ ಸರಿ, ಆದರೆ ಯಾರ ಯಾರ ನಡುವೆ? ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು ಇಲ್ಲಿದೆ. ಒಂದೇ ಪ್ರೊಸೆಸರಿನಲ್ಲಿ ಇಪ್ಪತ್ತು ಕಂಪೈಲರ್‌ಗಳು ಓಡುತ್ತಿರುವಾಗ ವಿಡಿಯೊ ಹಾಕಿದರೆ ಅದರ ಪಾಲು 21ರಲ್ಲಿ ಒಂದು. ಲೆಕ್ಕ ನ್ಯಾಯವೇ, ವಿಡಿಯೊ ಮಾತ್ರ ತಡವರಿಸುತ್ತದೆ. ಮೈಕ್ ಗಾಲ್‌ಬ್ರೇತ್ 2010ರಲ್ಲಿ ಬರೆದ, 2011ರ ಮಾರ್ಚ್‌ನಲ್ಲಿ 2.6.38ರೊಂದಿಗೆ ಬಂದ ಆಟೊಗ್ರೂಪ್ ಪ್ಯಾಚ್ ಒಂದು ಸೆಷನ್ನಿನ, ಅಂದರೆ ಉದಾಹರಣೆಗೆ ಒಂದು ಟರ್ಮಿನಲ್‌ನ, ಪ್ರೋಗ್ರಾಮ್‌ಗಳನ್ನೆಲ್ಲ ಒಂದೇ ಗುಂಪೆಂದು ಎಣಿಸಿತು. ಟರ್ಮಿನಲ್‌ನ ಕಂಪೈಲರ್‌ಗಳೆಲ್ಲ ಸೇರಿ ಅರ್ಧ, ವಿಡಿಯೊಗೆ ಅರ್ಧ. ಇದಕ್ಕೆ ಬುನಾದಿಯಾದ ಗುಂಪು ಹಂಚಿಕೆಯನ್ನು ಸಿಎಫ್‌ಎಸ್‌ಗೆ ಸೇರಿಸಿದವರು ಬೆಂಗಳೂರಿನ ಐಬಿಎಂನಲ್ಲಿದ್ದ ಶ್ರೀವತ್ಸ ವಡ್ಡಗಿರಿ. ಕರ್ನಲ್‌ನ ಸಿಎಫ್‌ಎಸ್ ಕಡತದ ತಲೆಯಲ್ಲೇ ಅವರ ಹೆಸರಿದೆ. ಆಟೊಗ್ರೂಪಿನಿಂದ ಒಂದು ನಷ್ಟವೂ ಆಯಿತು, ಅದನ್ನು ಗಮನಿಸಿದವರು ಕಡಿಮೆ: ಪ್ರೋಗ್ರಾಮಿನ ಆದ್ಯತೆ ತಗ್ಗಿಸುವ ನೈಸ್ ಆಜ್ಞೆಯ ಪ್ರಭಾವ ಗುಂಪಿನೊಳಗಷ್ಟೇ ಉಳಿಯಿತು. ಟರ್ಮಿನಲ್‌ನ ಕಂಪೈಲರಿಗೆ 19 ಕೊಟ್ಟು ತಗ್ಗಿಸಿದರೂ ಬೇರೆ ಸೆಷನ್ನಿನ ವಿಡಿಯೊಗೆ ಅದರಿಂದ ಪ್ರಯೋಜನವಿಲ್ಲ.

ಪಾಲು ಎಷ್ಟೆಂಬುದು ತೀರ್ಮಾನವಾದರೂ ಸರದಿ ಎಷ್ಟು ಬೇಗ ಎಂಬ ಪ್ರಶ್ನೆ ಉಳಿದಿತ್ತು. 2023ರ ಅಕ್ಟೋಬರ್‌ನ ಕರ್ನಲ್ 6.6ರಲ್ಲಿ ಪೀಟರ್ ಜಿಲ್‌ಸ್ಟ್ರಾ ಅವರ ಇಇವಿಡಿಎಫ್ ಷೆಡ್ಯೂಲರ್ ಬಂತು. ಅದರ ಮೂಲ ಅಯಾನ್ ಸ್ಟೊಯಿಕಾ ಮತ್ತು ಹುಸೇನ್ ಅಬ್ದೆಲ್-ವಹಾಬ್ 1995ರಲ್ಲಿ ಬರೆದ ಪ್ರಬಂಧ. ಪಾಲಿನ ಜೊತೆಗೆ ಗಡುವನ್ನೂ ಅದು ಲೆಕ್ಕ ಹಾಕುತ್ತದೆ: ಚಿಕ್ಕ ತುಂಡು ಸಮಯ ಕೇಳಿದ ಪ್ರೋಗ್ರಾಮಿಗೆ ಗಡುವು ಹತ್ತಿರ, ಸರದಿ ಬೇಗ. ಊಹಿಸುವ ಹೊರೆ ಹೀಗೆ ಕರ್ನಲ್‌ನಿಂದ ಇಳಿದು ಪ್ರೋಗ್ರಾಂ ಬರೆಯುವವರ ಹೆಗಲೇರಿತು.

ಬೇಕಾದ ಷೆಡ್ಯೂಲರನ್ನು ಆರಿಸಿಕೊಳ್ಳುವ ಅವಕಾಶಕ್ಕಾಗಿ ಕೋಲಿವಾಸ್ ವರ್ಷಗಟ್ಟಲೆ ವಾದಿಸಿದ್ದರು. ಆಗ ಅದಕ್ಕೆ ಒಪ್ಪಿಗೆ ಸಿಕ್ಕಿರಲಿಲ್ಲ. 2024ರ ನವೆಂಬರ್‌ನ 6.12ರಲ್ಲಿ, ಓಡುತ್ತಿರುವ ಯಂತ್ರಕ್ಕೇ ಬೇರೆ ಷೆಡ್ಯೂಲರ್ ಹಾಕುವ ಸೌಲಭ್ಯ ಅಧಿಕೃತ ಕರ್ನಲ್‌ಗೆ ಬಂತು. ಕೋಲಿವಾಸ್ ತಮ್ಮ ಪ್ಯಾಚ್‌ಗಳನ್ನು 2021ರಲ್ಲೇ ನಿಲ್ಲಿಸಿದ್ದರು.