ಬಿನೆ ಪಂಡಿತನ ಅಳತೆಗೋಲು

ಮಗುವಿನ ಬುದ್ಧಿಯನ್ನು ಅಂಕಿಯಲ್ಲಿ ಹೇಳುವ ರೂಢಿ ಎಷ್ಟು ಬೇರುಬಿಟ್ಟಿದೆಯೆಂದರೆ, ‘ಐ.ಕ್ಯೂ.’ ಎಂಬ ಎರಡಕ್ಷರವನ್ನು ಇಂಗ್ಲಿಷ್ ಬಾರದವರೂ ಬಲ್ಲರು. ನಮ್ಮ ಪಂಡಿತರು ಅದನ್ನು ‘ಬುದ್ಧಿಲಬ್ಧ’ವೆಂದು ಕನ್ನಡಿಸಿದರು, ಆ ಮಾತು ಪಠ್ಯಪುಸ್ತಕದ ಹೊಸಿಲು ದಾಟಿ ಬೀದಿಗೆ ಬರಲಿಲ್ಲ, ಇರಲಿ. ಈ ಅಂಕಿಯ ಹಿಂದೆ ಫ್ರೆಂಚ್ ಗೃಹಸ್ಥನೊಬ್ಬನಿದ್ದಾನೆ. ಆತ ಇದನ್ನು ಕಣ್ಣಾರೆ ಕಂಡವನೇ ಅಲ್ಲ. ಕಂಡಿದ್ದರೆ ಒಪ್ಪುತ್ತಿದ್ದನೆಂದು ಆತನ ಬರಹಗಳನ್ನು ಬಲ್ಲವರಾರೂ ಹೇಳಲಾರರು. ಆತನ ಹೆಸರು ಆಲ್‌ಫ್ರೆಡ್ ಬಿನೆ.

1857ರಲ್ಲಿ ನೀಸ್ ಪಟ್ಟಣದಲ್ಲಿ ಹುಟ್ಟಿದ ಬಿನೆ ಓದಿದ್ದು ಕಾನೂನು. ಅದು ರುಚಿಸದೆ, ಪ್ಯಾರಿಸ್ಸಿನ ಪುಸ್ತಕಭಂಡಾರದಲ್ಲಿ ಕುಳಿತು ತಾನೇ ಮನಶ್ಶಾಸ್ತ್ರ ಕಲಿತ. ತರುವಾಯ ಅಲ್ಲಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಪ್ರಖ್ಯಾತ ವೈದ್ಯ ಶಾರ್ಕೋನ ಬಳಿ ಸಂಮೋಹನದ ಪ್ರಯೋಗಗಳಲ್ಲಿ ತೊಡಗಿದ. ಸಂಮೋಹನಕ್ಕೊಳಗಾದ ರೋಗಿಯ ಬಳಿ ಅಯಸ್ಕಾಂತ ಹಿಡಿದರೆ ಬಲಗೈಯ ಜಡತೆ ಎಡಗೈಗೆ ದಾಟುತ್ತದೆಂದು ಆತನೂ ಜೊತೆಗಾರನೂ ಸಾರಿದರು. ಬೆಲ್ಜಿಯಮ್ಮಿನ ಡೆಲ್‌ಬ್ಯೂಫ್ ಎಂಬ ವಿದ್ವಾಂಸ ಬಂದು ನೋಡಿದ. ನಡೆಯಬೇಕಾದುದೇನೆಂದು ಪ್ರಯೋಗಕಾರರು ರೋಗಿಯೆದುರೇ ಮಾತಾಡಿಕೊಳ್ಳುತ್ತಿದ್ದಾರೆ, ರೋಗಿ ಅದನ್ನು ನಡೆಸಿಕೊಡುತ್ತಿದ್ದಾನೆ, ಅಷ್ಟೆ! ಬಿನೆಯ ಮುಖಭಂಗವಾಯಿತು. ಕಾಲಕ್ರಮದಲ್ಲಿ ಆತ ತನ್ನ ತಪ್ಪನ್ನು ಒಪ್ಪಿಕೊಂಡ.

ಇನ್ನೊಮ್ಮೆಯೂ ಹೀಗೇ ಆಯಿತು. ತಲೆ ದೊಡ್ಡದಿದ್ದವನಿಗೆ ಬುದ್ಧಿ ಹೆಚ್ಚೆಂಬುದು ಆ ಕಾಲದ ನಂಬಿಕೆ. ಬಿನೆ ಶಾಲೆಗಳಿಗೆ ಹೋಗಿ ಜಾಣ ಮಕ್ಕಳದೂ ದಡ್ಡ ಮಕ್ಕಳದೂ ತಲೆಗಳನ್ನು ಅಳೆದ. ಸಿಕ್ಕ ಅಂತರ ಮಿಲಿಮೀಟರುಗಳ ಲೆಕ್ಕದ್ದು. ಇಷ್ಟು ಸಣ್ಣ ಅಂತರವನ್ನು, ಯಾವ ಮಗು ಜಾಣನೆಂದು ಮೊದಲೇ ತಿಳಿದಿದ್ದ ತನ್ನ ಕೈಯೇ ಸೃಷ್ಟಿಸಿರಬಹುದಲ್ಲವೆ ಎಂಬ ಶಂಕೆ ಆತನಿಗೇ ಹುಟ್ಟಿತು. 1900ರಲ್ಲಿ ಆ ಶಂಕೆಯನ್ನು ಅಚ್ಚು ಹಾಕಿಸಿ, ತಲೆ ಅಳೆಯುವ ಕೆಲಸವನ್ನೇ ಕೈಬಿಟ್ಟ. ಅಳೆಯುವವನನ್ನೂ ಅಳೆಯಬೇಕೆಂದು ಹೀಗೆ ಎರಡು ಸಲ ಪೆಟ್ಟು ತಿಂದು ಕಲಿತವನು ಬುದ್ಧಿಮಾಪನಕ್ಕೆ ಕೈಹಾಕಿದನೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಆತನ ನಿಜವಾದ ಪಾಠಶಾಲೆ ಮನೆಯಲ್ಲೇ ಇತ್ತು. ಮದ್ಲೆನ್, ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ನಡಿಗೆ ಕಲಿಯುವಾಗ ಹಿರಿಯವಳು ಕುರ್ಚಿ ಮೇಜುಗಳ ಆಸರೆ ಬಿಡದೆ ಎಚ್ಚರದಿಂದ ಹೆಜ್ಜೆಯಿಡುತ್ತಿದ್ದಳು. ಕಿರಿಯವಳೋ ಬಿದ್ದರೆ ಬಿದ್ದೆನೆಂದು ಕೋಣೆಯ ನಡುವೆ ನುಗ್ಗುತ್ತಿದ್ದಳು. ಒಂದೇ ಮನೆ, ಒಂದೇ ಊಟ, ಸ್ವಭಾವ ಮಾತ್ರ ಬೇರೆ. 1890ರಿಂದಲೇ ಬಿನೆ ಇವರನ್ನು ಕುರಿತು ಬರೆದ. ಇಬ್ಬರನ್ನೂ ಬೆಳೆಸಿದ ತಂದೆಗೆ ಬುದ್ಧಿಯೆಂಬುದು ಒಂದೇ ಪಾತ್ರೆಯಲ್ಲಿ ಅಳೆದು ಸುರಿಯುವ ಪದಾರ್ಥವೆಂದು ತೋರುವುದಾದರೂ ಹೇಗೆ?

ಫ್ರಾನ್ಸಿನಲ್ಲಿ 1882ರ ಕಾನೂನು ಶಿಕ್ಷಣವನ್ನು ಕಡ್ಡಾಯಗೊಳಿಸಿತ್ತು. ಎಲ್ಲ ಮಕ್ಕಳೂ ಶಾಲೆಗೆ ಬಂದಮೇಲೆ ಪಾಠ ಹತ್ತದ ಮಕ್ಕಳೂ ಬಂದರು. ಅವರಿಗೆ ಬೇರೆ ತರಗತಿ ಬೇಕು. ಆದರೆ ಯಾರಿಗೆ ಬೇಕೆಂದು ಗೊತ್ತುಮಾಡುವವರು ಯಾರು? ಮೇಷ್ಟರನ್ನು ಕೇಳಿದರೆ ಪುಂಡ ಹುಡುಗನನ್ನು ದಾಟಿಸಿ ಕೈತೊಳೆದುಕೊಂಡಾರು. ವೈದ್ಯರನ್ನು ಕೇಳಿದರೆ ಒಂದೇ ಮಗುವಿಗೆ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಿದ್ದರು. 1904ರಲ್ಲಿ ಶಿಕ್ಷಣ ಮಂತ್ರಿ ಒಂದು ಸಮಿತಿ ನೇಮಿಸಿದ. ಬಿನೆ ಅದರ ಸದಸ್ಯ. ಮರುವರ್ಷವೇ ಆತನೂ ತಿಯೊಡೋರ್ ಸಿಮೋನ್ ಎಂಬ ತರುಣ ವೈದ್ಯನೂ ಕೂಡಿ 30 ಪರೀಕ್ಷೆಗಳ ಒಂದು ಸರಣಿಯನ್ನು ಪ್ರಕಟಿಸಿದರು.

ಈ ಪರೀಕ್ಷೆಗಳನ್ನು ನೋಡಿದರೆ ಇಷ್ಟೇನೇ ಎನ್ನಿಸುತ್ತದೆ. ಉರಿಯುವ ಕಡ್ಡಿಯನ್ನು ಆಡಿಸಿದರೆ ಮಗುವಿನ ಕಣ್ಣು ಅದರ ಹಿಂದೆ ಹೋಗುವುದೇ? ಕಾಗದ ಸುತ್ತಿದ ಮಿಠಾಯಿ ಕೊಟ್ಟರೆ ಕಾಗದ ಬಿಚ್ಚಿ ತಿನ್ನುವುದೇ? ಹೇಳಿದ ಅಂಕೆಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳುವುದೇ? ಮೆಟ್ಟಿಲು ಮೆಟ್ಟಿಲಾಗಿ ಪ್ರಶ್ನೆ ಕಠಿಣವಾಗುತ್ತದೆ. 1908ರ ಪರಿಷ್ಕರಣದಲ್ಲಿ ಇವನ್ನು 3ರಿಂದ 13ರವರೆಗೆ ವಯಸ್ಸಿನ ಪ್ರಕಾರ ಜೋಡಿಸಿದರು. ಎಂಟು ವರ್ಷದ ಹುಡುಗ ಆರು ವರ್ಷದವರ ಮಟ್ಟದಲ್ಲಿ ನಿಂತರೆ ಅವನಿಗೆ ಬೇರೆ ಗಮನ ಬೇಕು. ಇಷ್ಟೇ ಉದ್ದೇಶ. ಎರಡು ಮುಖಗಳ ಚಿತ್ರ ತೋರಿಸಿ ಯಾವುದು ಚೆಲುವೆಂದು ಕೇಳುವುದೂ ಆ ಪಟ್ಟಿಯಲ್ಲಿ ಉಂಟು. ಅದು ಬುದ್ಧಿಯ ಪರೀಕ್ಷೆಯೋ ಪ್ಯಾರಿಸ್ಸಿನ ರುಚಿಯ ಪರೀಕ್ಷೆಯೋ ನಾನರಿಯೆ.

ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಹೆಚ್ಚಿಸಲಾಗದು ಎನ್ನುವವರ ಮೇಲೆ 1909ರ ಪುಸ್ತಕವೊಂದರಲ್ಲಿ ಬಿನೆ ಹರಿಹಾಯ್ದ. ಬಾಯಿಮಾತಿನಲ್ಲಿ ಬಿಡದೆ, ಹಿಂದುಳಿದ ಮಕ್ಕಳಿಗಾಗಿ ‘ಮನಸ್ಸಿನ ವ್ಯಾಯಾಮ’ ಎನ್ನಬಹುದಾದ ಅಭ್ಯಾಸಗಳನ್ನು ರೂಪಿಸಿದ. ಅದರಲ್ಲೊಂದು ವಿಗ್ರಹದಾಟ: ಸನ್ನೆ ಕೊಟ್ಟೊಡನೆ ಮಕ್ಕಳೆಲ್ಲ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಪಾಠ ಕೇಳಲು ಮೊದಲು ಸುಮ್ಮನೆ ಕೂರುವುದು ಬರಬೇಕು. ಅದನ್ನು ಆಟವಾಗಿ ಕಲಿಸೋಣವೆಂಬುದು ಆತನ ಯುಕ್ತಿ.

1911ರ ಅಕ್ಟೋಬರಿನಲ್ಲಿ, 54ನೆಯ ವಯಸ್ಸಿಗೇ, ಬಿನೆ ತೀರಿಕೊಂಡ. ಮರುವರ್ಷ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು 100ರಿಂದ ಗುಣಿಸಿ ‘ಐ.ಕ್ಯೂ.’ವನ್ನು ಲೋಕಕ್ಕೆ ಹಂಚಿದ. ಆ ವೇಳೆಗಾಗಲೇ ಗಾಡರ್ಡ್ ಎಂಬಾತ ಬಿನೆಯ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಂದು, ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಹಡಗಿನಿಂದ ಆಗತಾನೆ ಇಳಿದ ಬಡ ವಲಸೆಗಾರರ ಮೇಲೆ ಪ್ರಯೋಗಿಸಿ, ಅವರಲ್ಲಿ ಬಹುಮಂದಿಯನ್ನು ಮಂದಮತಿಗಳೆಂದು ತೀರ್ಮಾನಿಸಿದ್ದ. ನೆರವು ಬೇಕಾದವರನ್ನು ಹುಡುಕಲು ಮಾಡಿದ ಸಾಧನ ಬಾಗಿಲು ಮುಚ್ಚುವ ಅಗುಳಿಯಾಯಿತು.

ನಮ್ಮ ದೇಶದಲ್ಲಿ ಲಾಹೋರಿನ ಹರ್ಬರ್ಟ್ ರೈಸ್ 1929ರಲ್ಲಿ ಹಿಂದೂಸ್ಥಾನಿ ಆವೃತ್ತಿಯನ್ನು ಪ್ರಕಟಿಸಿದ. ನಮ್ಮ ಪಾಲಿಗೆ ಹತ್ತಿರದವರು ವಿ. ವಿ. ಕಾಮತರು. ಧಾರವಾಡ, ಬೆಳಗಾವಿಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲ. ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅವರು ಈ ಪರೀಕ್ಷೆಯನ್ನು ಒಗ್ಗಿಸಿ 1934ರಲ್ಲಿ ಬ್ರಿಟನ್ನಿನ ವಿದ್ವತ್ ಪತ್ರಿಕೆಯೊಂದರಲ್ಲಿ ಬರೆದರು. 1940ರಲ್ಲಿ ಪುಸ್ತಕವೂ ಬಂತು. ಒಂದು ದೇಶಕ್ಕೆ ಹೊಲಿದ ಅಂಗಿಯನ್ನು ಇನ್ನೊಂದು ದೇಶದ ಮೈಗೆ ಕೂರಿಸುವುದು ಸುಲಭದ ಮಾತಲ್ಲ. ಬಿನೆಯ ಪ್ರಶ್ನೆಯೊಂದರಲ್ಲಿ ಹುಡುಗನೊಬ್ಬ ತನಗೆ ಮೂವರು ಸೋದರರೆಂದು ಹೇಳಿ ಆ ಮೂವರಲ್ಲಿ ತನ್ನನ್ನೂ ಎಣಿಸಿಕೊಳ್ಳುತ್ತಾನೆ. ಅಸಂಬದ್ಧವೇನೆಂದು ಮಗು ಹೇಳಬೇಕು. ನಮ್ಮ ಮನೆಗಳಲ್ಲಿ ‘ನಾವು ಮೂವರು ಅಣ್ಣತಮ್ಮಂದಿರು’ ಎಂದು ತನ್ನನ್ನೂ ಸೇರಿಸಿ ಹೇಳುವುದೇ ಸಹಜ. ಅಣ್ಣನೂ ಅಲ್ಲದ ತಮ್ಮನೂ ಅಲ್ಲದ ಬರಿಯ ಸೋದರ ನಮಗೆ ಪುಸ್ತಕದಲ್ಲಿ ಮಾತ್ರ ಉಂಟು. ಅಂಕೆಗಳೂ ಅಷ್ಟೆ. ಫ್ರೆಂಚರ ಒಂದು, ಎರಡು, ಮೂರುಗಳು ಒಂದೊಂದೇ ಉಸಿರಿನವು. ನಮ್ಮವು ಎರಡು ಮೂರು ಅಕ್ಷರದವು. ಐದಂಕೆಗಳನ್ನು ನೆನಪಿಡುವಾಗ ಕನ್ನಡದ ಮಗು ಹೊರುವ ಹೊರೆ ದೊಡ್ಡದು.

ಕಾಮತರ ಪರೀಕ್ಷೆ ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ತೊಡಕು ಇರುವುದು ಇಲ್ಲಿ: ಅದರ ಮಾನದಂಡ 1930ರ ದಶಕದ ಮಕ್ಕಳದು. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಸಾಧನೆ ಏರುತ್ತ ಬಂದಿದೆಯೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿಕೊಟ್ಟ. ಹಳೆಯ ಗಜದಿಂದ ಇಂದಿನ ಮಗುವನ್ನು ಅಳೆದರೆ ಅಂಕಿ ಇರಬೇಕಾದುದಕ್ಕಿಂತ ಮೇಲೆ ಬರುವ ಸಂಭವವುಂಟು. 70ರ ಆಸುಪಾಸಿನ ಗೆರೆಯನ್ನು ನೋಡಿ ನೆರವು, ರಿಯಾಯಿತಿ, ಪ್ರಮಾಣಪತ್ರಗಳನ್ನು ನಿರ್ಧರಿಸುವಲ್ಲಿ ಆ ಏರಿಕೆ ಸಣ್ಣದಲ್ಲ.

ನನ್ನ ಪರಿಚಿತರೊಬ್ಬರು ತಮ್ಮ ಹನ್ನೊಂದು ವರ್ಷದ ಮಗನ ವರದಿಯನ್ನು ಓದಿಹೇಳಲು ಈಚೆಗೆ ನನ್ನ ಬಳಿ ತಂದಿದ್ದರು. ಎರಡು ಪುಟದ ಬರಹ. ಮೊದಲ ಪುಟದ ಕೊನೆಯಲ್ಲಿ ದಪ್ಪಕ್ಷರದಲ್ಲಿ 72. “ಪಾಸೋ ಫೇಲೋ ಹೇಳಿ ಸ್ವಾಮಿ” ಎಂದರು. ಅಂಥದೇನೂ ಅಲ್ಲವೆಂದು ಹೇಳಿ ಹಾಳೆ ಮಗುಚಿದೆ. ಹುಡುಗ ಚಿತ್ರ ನೋಡಿ ವಿವರಿಸುವುದರಲ್ಲಿ ತನ್ನ ವಯಸ್ಸಿಗೆ ಸರಿಯಾಗಿಯೇ ಇದ್ದಾನೆ. ಕೇಳಿದ ಉದ್ದ ವಾಕ್ಯಗಳನ್ನು ಹಿಡಿದಿಡುವುದು ಕಷ್ಟ. ಪಾಠವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ, ಚಿತ್ರದೊಂದಿಗೆ ಹೇಳಿಕೊಡುವುದು ಒಳ್ಳೆಯದು ಎಂದು ಪರೀಕ್ಷೆ ನಡೆಸಿದಾಕೆ ಬಿಡಿಸಿ ಬರೆದಿದ್ದರು. ತಂದೆ ಎರಡನೆಯ ಪುಟವನ್ನು ತೆರೆದಿರಲೇ ಇಲ್ಲ. ಶಾಲೆಯವರು ಮೊದಲನೆಯದರ ನಕಲನ್ನಷ್ಟೇ ಕೇಳಿ ಪಡೆದಿದ್ದರಂತೆ. ಎರಡನೆಯದನ್ನೂ ಮೇಷ್ಟರ ಕೈಗೆ ಕೊಟ್ಟು ಬನ್ನಿರೆಂದೆ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಹಾಗಾದರೆ ಈ 72 ಏನು ಮಾಡುವುದು?” ಎಂದು ಮತ್ತೆ ಕೇಳಿದರು.