ಮೋಹನ ಮುರಳಿ: ಪ್ರೇಮಗೀತೆಯೇ, ಅಧ್ಯಾತ್ಮಗೀತೆಯೇ?

ಕಳೆದ ರಾಜ್ಯೋತ್ಸವದ ಸಂಜೆ ನಾವು ಚಾಂದ್‌ಖೇಡಾದ ಕನ್ನಡಿಗರು ಒಂದೆಡೆ ಸೇರಿದ್ದಾಗ ಸಣ್ಣದೊಂದು ಚರ್ಚೆ ಹುಟ್ಟಿತು. ಕಾಲೇಜಿನ ಹುಡುಗಿಯೊಬ್ಬಳು ‘ಈಗ ಒಂದು ಪ್ರೇಮಗೀತೆ’ ಎಂದು ಹೇಳಿ, ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ಯನ್ನು ಹಾಡಿದಳು. ಹಿರಿಯರೊಬ್ಬರು, ‘ಮಗೂ, ಬಹಳ ಚೆನ್ನಾಗಿ ಹಾಡಿದೆ. ಆದರೆ ಇದು ಪ್ರೇಮಗೀತೆಯಲ್ಲಮ್ಮ, ಅಧ್ಯಾತ್ಮದ ಹಾಡು’ ಎಂದರು. ‘ಸಿನಿಮಾದಲ್ಲಿ ಹಾಗೇ ಇದೆಯಲ್ಲ, ಅಂಕಲ್!’ ಎಂದು ಅವಳು ನಕ್ಕಳು. ಯಾರ ಮಾತು ಸರಿ?

ಸಿನಿಮಾದ ಮಟ್ಟಿಗೆ ಹುಡುಗಿಯ ಮಾತು ಸುಳ್ಳಲ್ಲ. 1997ರಲ್ಲಿ ತೆರೆಕಂಡ, ನಾಗತಿಹಳ್ಳಿ ಚಂದ್ರಶೇಖರರು ನಿರ್ದೇಶಿಸಿದ ‘ಅಮೆರಿಕಾ ಅಮೆರಿಕಾ’ ಒಬ್ಬ ಹೆಣ್ಣು, ಇಬ್ಬರು ಗೆಳೆಯರ ಪ್ರೇಮಕಥೆ. ಮನೋಮೂರ್ತಿಯವರ ಸಂಗೀತದ ಆ ಚಿತ್ರದಿಂದ ಅಡಿಗರ ಕವಿತೆ ಮನೆಮನೆಯ ಹಾಡಾಯಿತು. ಕವಿ 1992ರಲ್ಲೇ ತೀರಿಕೊಂಡಿದ್ದರು. ಈ ಜನಪ್ರಿಯತೆಯನ್ನು ಅವರು ಕಾಣಲಿಲ್ಲ.

ಕವಿತೆಯಾದರೋ ಬಹಳ ಹಿಂದಿನದು. 1918ರಲ್ಲಿ ಕುಂದಾಪುರದ ಕಡೆಯ ಮೊಗೇರಿಯಲ್ಲಿ ಹುಟ್ಟಿದ ಅಡಿಗರ ಮೊದಲ ಸಂಕಲನ ‘ಭಾವತರಂಗ’ ಬಂದದ್ದು 1946ರಲ್ಲಿ. 1954ರ ‘ಚಂಡೆಮದ್ದಳೆ’ಯಿಂದ ಅವರು ನವ್ಯದ ಕಡೆಗೆ ಹೊರಳಿದರು. ‘ಮೋಹನ ಮುರಳಿ’ ಆ ಹೊರಳಿಗೆ ಮೊದಲಿನ, ಹಾಡಿನ ಧಾಟಿಯ ಕವಿತೆ. ಅದರಲ್ಲಿ ಬೃಂದಾವನವಿದೆ, ದೂರತೀರವಿದೆ, ಕರೆಯುವ ಕೊಳಲಿದೆ. ಮೃದುವಾದ ತೋಳಿನ ಸುಖವೂ ಇದೆ. ಆದರೆ ಅದು ಕರೆಗೆ ಓಗೊಟ್ಟವನು ಬಿಟ್ಟು ಹೊರಟ ಸುಖ. ಕೈಯಲ್ಲಿದ್ದುದು ಸಾಲದೆ ಕಾಣದ ಯಾವುದಕ್ಕೋ ಪರಿತಪಿಸುವುದೇ ಬದುಕೇ ಎಂಬುದು ಕವಿತೆ ನಮ್ಮ ಮುಂದಿಡುವ ಪ್ರಶ್ನೆ. ಉತ್ತರವನ್ನು ಕವಿ ಕೊಡುವುದಿಲ್ಲ.

ಈ ಕೊಳಲಿನ ಮೂಲ ಭಾಗವತದ ದಶಮಸ್ಕಂಧ. ಅಲ್ಲಿ ಶರತ್ಕಾಲದ ರಾತ್ರಿ ವೇಣುನಾದ ಕೇಳಿದೊಡನೆ ಗೋಪಿಯರು ಕರೆಯುತ್ತಿದ್ದ ಹಾಲನ್ನು, ಒಲೆಯ ಮೇಲಿನ ಪಾತ್ರೆಯನ್ನು, ಬಡಿಸುತ್ತಿದ್ದ ಊಟವನ್ನು ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಇದನ್ನು ಜೀವಾತ್ಮ ಪರಮಾತ್ಮನ ಕರೆಗೆ ಓಗೊಡುವುದೆಂದು ಭಕ್ತರು ಬಗೆದರು. ಶೃಂಗಾರವೆಂದು ರಸಿಕರು ಸವಿದರು. ನಮ್ಮ ಪು.ತಿ.ನ. ಅವರು ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣನೇ ಗೋಕುಲವನ್ನು ಬಿಟ್ಟು ಹೊರಡುವುದನ್ನು ಗೀತನಾಟಕವಾಗಿಸಿದರು.

ನಾವಿರುವ ಗುಜರಾತಿಗೂ ಇದು ಹೊಸದಲ್ಲ. ವಡೋದರಾದ ಸಮೀಪದ ಡಭೋಯಿಯಲ್ಲಿ ಬಾಳಿದ ದಯಾರಾಮ್ (1777–1853) ಪುಷ್ಟಿಮಾರ್ಗದ ಭಕ್ತ. ಅವನ ಗರಬಿಗಳಲ್ಲಿ ಗೋಪಿ ಕೊಳಲಿನೊಡನೆಯೇ ಜಗಳವಾಡುತ್ತಾಳೆ. ಪ್ರಣಯ ಎಲ್ಲಿ ಮುಗಿಯಿತು, ಭಕ್ತಿ ಎಲ್ಲಿ ಮೊದಲಾಯಿತು ಎಂದು ಅವನ್ನು ಹಾಡುವವರು ಗೆರೆ ಎಳೆಯುವುದಿಲ್ಲ.

ಇನ್ನೊಂದು ಸೋಜಿಗವುಂಟು. ಗುಜರಾತಿನ ಕೃಷ್ಣ ಬೃಂದಾವನವನ್ನು ಬಿಟ್ಟು ಬಂದವನು: ದ್ವಾರಕೆಯಲ್ಲಿ ಅರಸ, ಡಾಕೋರಿನಲ್ಲಿ ರಣರಂಗ ಬಿಟ್ಟು ನಡೆದ ರಣಛೋಡರಾಯ. ಆ ದ್ವಾರಕೆಯಿಂದಲೇ ಗೋಪೀಚಂದನದ ಹೆಂಟೆಯೊಳಗೆ ಹಡಗಿನಲ್ಲಿ ಬಂದ ವಿಗ್ರಹವನ್ನು ಮಧ್ವಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಿಸಿದರೆಂದು ಪ್ರತೀತಿ. ಅಡಿಗರ ಸೀಮೆಯ ಆ ಕೃಷ್ಣನ ಕೈಯಲ್ಲಿರುವುದು ಕಡೆಗೋಲು ಮತ್ತು ಹಗ್ಗ, ಕೊಳಲಲ್ಲ! ಕವಿತೆಯ ಮುರಳಿಯನ್ನು ಗುಡಿಯಲ್ಲಿ ಹುಡುಕಿ ಫಲವಿಲ್ಲ. ಅದು ನುಡಿಯುವುದು ಮನುಷ್ಯನ ಒಳಗೆ.

ಹಾಗಾದರೆ ತೀರ್ಪೇನು? ಅತೃಪ್ತಿಯಿಂದ ಹುಟ್ಟುವ ಹಂಬಲವೇ ಈ ಹಾಡಿನ ಪ್ರಾಣ. ಪ್ರೇಮಿಗೆ ಅದು ಪ್ರೇಮ, ಸಾಧಕನಿಗೆ ಸಾಧನೆ. ಅಮೆರಿಕದ ಕಥೆಗೆ ಅದು ಒಪ್ಪಿದ್ದೂ ಆಕಸ್ಮಿಕವಲ್ಲ. ಇದ್ದ ಊರನ್ನು ಬಿಟ್ಟು ದೂರತೀರಕ್ಕೆ ಹೋದವರ ಕಥೆಯಲ್ಲವೇ ಅದು? ಎಣ್ಣೆಬಾವಿ, ಬ್ಯಾಂಕು, ರೈಲ್ವೆ ಎಂದು ಸಾಬರಮತಿಯ ದಡಕ್ಕೆ ಬಂದ ನಮ್ಮ ಕಥೆಯೂ ಹೌದು.

ಅಂದು ಊಟಕ್ಕೆ ಕುಳಿತಾಗ ಆ ಹಿರಿಯರು ಹುಡುಗಿಯನ್ನು ಪಕ್ಕಕ್ಕೆ ಕರೆದು, ‘ಅಧ್ಯಾತ್ಮ ಅಂದೆನಲ್ಲಮ್ಮ, ನಿಜ ಹೇಳಬೇಕೆಂದರೆ ಈ ಹಾಡು ಕೇಳಿದಾಗ ನನಗೆ ನೆನಪಾಗುವುದು ದೇವರಲ್ಲ, ನಮ್ಮೂರ ಹೊಳೆ’ ಎಂದರು. ಒಮ್ಮೆ ಊರಿನಿಂದ ಆಚೆಗೆ ಕರೆದ ಕೊಳಲು ಈಗ ಊರಿನ ಕಡೆಯಿಂದಲೇ ಕರೆಯುತ್ತಿದೆಯೆಂದು ನಮಗೆ ತೋರಿತು. ಹುಡುಗಿ ಈ ಬಾರಿ ನಗಲಿಲ್ಲ. ಅವರ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ, ‘ಮುಂದಿನ ವರ್ಷವೂ ಅದನ್ನೇ ಹಾಡುತ್ತೇನೆ’ ಎಂದಳು.